ಫೈನಲ್ ಪರೀಕ್ಷೆಗೆ ಆರು ತಿಂಗಳಿರುವಾಗ ಇನ್ನೊಂದು ವಿಷಯ ತೆಗೆದುಕೊಂಡವರು ಇದ್ದೀರಾ?

ಪ್ರಶ್ನೆ

ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದೇನೆ. ಐದು ವಿಷಯ ಓದುತ್ತಿದ್ದೇನೆ. ಫೈನಲ್ ಪರೀಕ್ಷೆಗೆ ಇನ್ನು ಆರು ತಿಂಗಳಿದೆ. ನನಗೆ ಇಷ್ಟವಾದ ಕೋರ್ಸ್‌ಗೆ ಜೀವಶಾಸ್ತ್ರ ಬೇಕು ಅಂತ ಗೊತ್ತಾದದ್ದು ಹೋದ ತಿಂಗಳು. ಅದನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಳ್ಳೋಣ ಅಂತಿದ್ದೇನೆ. ಆ ಕ್ಲಾಸ್ ನನ್ನ ಟೈಮ್‌ಟೇಬಲ್‌ಗೆ ಹೊಂದುವುದಿಲ್ಲ, ಹಾಗಾಗಿ ನಾನೇ ಓದಿಕೊಳ್ಳಬೇಕು. ಗಣಿತದಲ್ಲಿ ಈಗಾಗಲೇ ಸ್ವಲ್ಪ ಹಿಂದಿದ್ದೇನೆ. ಮುಗಿಸಿದವರು, ಮಧ್ಯದಲ್ಲಿ ಬಿಟ್ಟವರು, ಇಬ್ಬರೂ ದಯವಿಟ್ಟು ಹೇಳಿ.

ಮುಗಿಸಿದವರೊಬ್ಬರು

ನಾನೂ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡೆ. ಪಾಸಾದೆ, ಅಂಕವೂ ಚೆನ್ನಾಗಿಯೇ ಬಂತು. ಆದರೆ ರಸಾಯನಶಾಸ್ತ್ರದಲ್ಲಿ ಅಂದುಕೊಂಡದ್ದಕ್ಕಿಂತ ತುಂಬಾ ಕೆಳಗಿಳಿದೆ. ನೀವು "ಗಣಿತದಲ್ಲಿ ಹಿಂದಿದ್ದೇನೆ" ಅಂತ ಬರೆದದ್ದು ನೋಡಿದ ಕೂಡಲೇ ನನಗೆ ಅದೇ ನೆನಪಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಹೊಸ ವಿಷಯಕ್ಕೆ ಬೇಕಾದ ಸಮಯ ನನ್ನ ಬಿಡುವಿನ ಹೊತ್ತಿನಿಂದ ಸಿಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ನನಗೆ ಕಷ್ಟವಾಗುತ್ತಿದ್ದ ವಿಷಯದ ಸಮಯವನ್ನೇ ಅದು ತಿಂದುಹಾಕಿತು. ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೆ. ಓದಿದ ಪ್ರತಿ ಅರ್ಧ ಗಂಟೆಗೆ ಆ ವಿಷಯದ ಮುಂದೆ ಒಂದು ಗೆರೆ. ಮೂರನೇ ವಾರದ ಕೊನೆಗೆ ತಿರುವಿ ನೋಡಿದರೆ ಸಂಖ್ಯಾಶಾಸ್ತ್ರದ ಮುಂದೆ ಗೆರೆಗಳ ಬೇಲಿಯೇ ನಿಂತಿತ್ತು. ಭೌತಶಾಸ್ತ್ರ ಮೊದಲಿನಷ್ಟೇ ಇತ್ತು. ರಸಾಯನಶಾಸ್ತ್ರದ ಮುಂದೆ ಇಡೀ ವಾರಕ್ಕೆ ಎರಡೇ ಗೆರೆ. ನಾನು ಅದನ್ನು ಬೇಕಂತ ಬಿಟ್ಟಿರಲಿಲ್ಲ. ಹೊಸದನ್ನು ಓದುವಾಗ ಒಂದು ಖುಷಿ ಇರುತ್ತದೆ, ಅಲ್ವಾ? ಪುಟ ತಿರುಗಿಸಿದಷ್ಟೂ ಮುಂದೆ ಹೋದ ಹಾಗೆ ಅನಿಸುತ್ತದೆ. ಕಷ್ಟದ ವಿಷಯದ ಮುಂದೆ ಕೂತರೆ ಒಂದೇ ಲೆಕ್ಕಕ್ಕೆ ಒಂದು ಗಂಟೆ ಹೋಗುತ್ತದೆ. ಕೈ ತಾನಾಗಿಯೇ ಹೊಸ ಪುಸ್ತಕದ ಕಡೆ ಹೋಗುತ್ತದೆ. ಗೆರೆ ಎಳೆಯದಿದ್ದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾದ ಮೇಲೂ ನಾನು ಸರಿಮಾಡಲಿಲ್ಲ ಅನ್ನುವುದು ನನ್ನ ತಪ್ಪು. ಅದರ ಬೇಸರ ಇವತ್ತಿಗೂ ಇದೆ.

ಇನ್ನೊಂದು ತಪ್ಪು ಅಂದಾಜಿನದು. ಹನ್ನೆರಡು ಅಧ್ಯಾಯ, ಒಂದಕ್ಕೆ ಮೂರು ಗಂಟೆ, ಒಟ್ಟು 36 ಗಂಟೆ ಅಂತ ಹಾಳೆಯ ಮೇಲೆ ಬರೆದುಕೊಂಡಿದ್ದೆ. ಮೊದಲ ಅಧ್ಯಾಯಕ್ಕೇ ಐದೂವರೆ ಗಂಟೆ ಹಿಡಿಯಿತು. ಅದೂ ಕೊನೆಯ ಅಭ್ಯಾಸದ ಲೆಕ್ಕಗಳನ್ನು ಬಿಟ್ಟು. ಮುಂದೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವಾಗ ಗೊತ್ತಾಯಿತು, ಇದು ನನ್ನೊಬ್ಬಳ ಕತೆ ಅಲ್ಲ ಅಂತ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೆ "ಪ್ಲಾನಿಂಗ್ ಫ್ಯಾಲಸಿ" ಅಂತ ಹೆಸರು ಕೊಟ್ಟಿದ್ದರು, ಅಂದರೆ ಕೆಲಸಕ್ಕೆ ಬೇಕಾದ ಸಮಯವನ್ನು ಕಡಿಮೆ ಅಂದಾಜು ಮಾಡುವ ತಪ್ಪು. ಆಮೇಲೆ 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮೂವರು ಕೊನೆಯ ವರ್ಷದ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಅಂತ ಕೇಳಿದಾಗ ಸುಮಾರು 49 ಅಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಕೆಟ್ಟದ್ದನ್ನು ಊಹಿಸಿ ಹೇಳಿದ ಲೆಕ್ಕಕ್ಕಿಂತಲೂ ಜಾಸ್ತಿ!

ಅದಕ್ಕೆ ನನ್ನ ಸಲಹೆ ಇಷ್ಟೇ. ಹೆಸರು ಕೊಡುವ ಮೊದಲು ಒಂದು ಅಧ್ಯಾಯ ಪೂರ್ತಿ ಮುಗಿಸಿ. ಸುಲಭದ್ದು ಬೇಡ, ಮಧ್ಯದ್ದೊಂದು. ಓದುವುದು, ಚಿತ್ರ ಬರೆಯುವುದು, ಹಳೆಯ ಪ್ರಶ್ನೆಗಳಿಗೆ ಉತ್ತರ ಬರೆದು ತಿದ್ದಿಕೊಳ್ಳುವುದು, ಎಲ್ಲ ಸೇರಿ ಎಷ್ಟು ಗಂಟೆ ಹಿಡಿಯಿತು ಅಂತ ಗಡಿಯಾರ ನೋಡಿ ಬರೆದಿಡಿ. ಅದನ್ನು ಅಧ್ಯಾಯಗಳ ಸಂಖ್ಯೆಯಿಂದ ಗುಣಿಸಿ, ಮೇಲೆ ಅದರ ಅರ್ಧ ಸೇರಿಸಿ. ಬಂದ ಗಂಟೆಗಳು ವಾರದ ಯಾವ ದಿನ, ಯಾವ ಹೊತ್ತಿನಿಂದ ಬರುತ್ತವೆ ಅಂತ ಬರೆಯಲು ಆದರೆ ತೆಗೆದುಕೊಳ್ಳಿ. "ಹೇಗೋ ಆಗುತ್ತೆ" ಅನ್ನುವ ಹಾಗಿದ್ದರೆ ಆ ಸಮಯ ಗಣಿತದಿಂದಲೇ ಬರುತ್ತದೆ.

ಮಧ್ಯದಲ್ಲಿ ಬಿಟ್ಟವರು

ನಾನು ಎರಡು ತಿಂಗಳು ಓದಿ ಬಿಟ್ಟೆ. ಬಿಟ್ಟದ್ದಕ್ಕೆ ಬೇಸರ ಇಲ್ಲ, ತಡವಾಗಿ ಬಿಟ್ಟದ್ದಕ್ಕೆ ಇದೆ. ಹೆಸರು ವಾಪಸ್ ಪಡೆಯುವ ಕೊನೆಯ ದಿನ ಯಾವುದು ಅಂತ ನಾನು ಕೇಳಿಯೇ ಇರಲಿಲ್ಲ. ಕೇಳಲು ಹೋದಾಗ ಅದು ದಾಟಿ ಒಂಬತ್ತು ದಿನ ಆಗಿತ್ತು. ಕೊನೆಗೆ ಆ ಪೇಪರ್ ದಿನ ಮನೆಯಲ್ಲೇ ಕೂತೆ, ಅಂಕಪಟ್ಟಿಯಲ್ಲಿ ಗೈರುಹಾಜರು ಅಂತ ಬಂತು.

ಹಾಗಾಗಿ ಮೊದಲು ಇವನ್ನು ಕೇಳಿ, ಸಾಧ್ಯವಾದರೆ ಬರಹದಲ್ಲಿ ಉತ್ತರ ಪಡೆಯಿರಿ. ಸೇರುವ ಕೊನೆಯ ದಿನ, ಬಿಡುವ ಕೊನೆಯ ದಿನ. ಈ ಅಂಕ ಒಟ್ಟು ಮೊತ್ತಕ್ಕೆ ಸೇರುತ್ತದಾ, ಬೇರೆಯಾಗಿ ನಿಲ್ಲುತ್ತದಾ? ಫೇಲಾದರೆ ಉಳಿದ ಐದರ ಫಲಿತಾಂಶಕ್ಕೆ ಏನಾಗುತ್ತದೆ? ಪ್ರಾಕ್ಟಿಕಲ್ ಇದ್ದರೆ ಯಾರು ಮಾಡಿಸುತ್ತಾರೆ, ರೆಕಾರ್ಡ್‌ಗೆ ಯಾರು ಸಹಿ ಹಾಕುತ್ತಾರೆ? ಎರಡು ಪೇಪರ್ ಒಂದೇ ದಿನ ಬಿದ್ದರೆ ಏನು ಮಾಡುತ್ತಾರೆ? ಇದು ಒಂದೊಂದು ಬೋರ್ಡಿನಲ್ಲಿ ಒಂದೊಂದು ಥರ. ಅಣ್ಣ ಹೇಳಿದ, ಸೀನಿಯರ್ ಹೇಳಿದರು ಅಂತ ನಂಬಬೇಡಿ, ಅವರ ವರ್ಷದ ನಿಯಮವೇ ಬೇರೆ ಇರಬಹುದು.

ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಆ ಕೋರ್ಸ್‌ಗೆ ಜೀವಶಾಸ್ತ್ರ *ಬೇಕೇ ಬೇಕಾ*, ಇದ್ದರೆ ಒಳ್ಳೆಯದಾ? ಪ್ರವೇಶದ ಸೂಚನೆಯಲ್ಲಿ ಏನು ಬರೆದಿದ್ದಾರೆ ಅಂತ ಪದಪದ ಓದಿ.

ಜೀವಶಾಸ್ತ್ರ ಕಲಿಸುವವರೊಬ್ಬರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಹೆದರಿಸುವ ಮಾತು ಜಾಸ್ತಿಯಾಯಿತು ಅನಿಸಿದರೆ ಇದನ್ನೂ ಓದಿ. ನನ್ನ ಹತ್ತಿರ ಹೀಗೆ ತಡವಾಗಿ ಬಂದು ಚೆನ್ನಾಗಿ ಮಾಡಿದವರು ಇದ್ದಾರೆ. ಅವರು ಬೇರೆಯವರಿಗಿಂತ ಜಾಸ್ತಿ ಹೊತ್ತು ಓದಿದರು ಅಂತ ನನಗೆ ಅನಿಸಿಲ್ಲ. ಓದುವ ರೀತಿ ಬೇರೆ ಇತ್ತು.

ಜೀವಶಾಸ್ತ್ರದಲ್ಲಿ ಓದಿದರೆ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಗಣಿತದಲ್ಲಿ ಬಾರದ ಲೆಕ್ಕ ಬಾರದು ಅಂತ ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗುವುದಿಲ್ಲ. ಮೂತ್ರಪಿಂಡದ ನೆಫ್ರಾನ್, ಅಂದರೆ ರಕ್ತ ಸೋಸುವ ಸಣ್ಣ ಘಟಕ, ತೆಗೆದುಕೊಳ್ಳಿ. ಪಾಠ ಓದಿ, ಗೆರೆ ಹಾಕಿ, ಇನ್ನೊಮ್ಮೆ ಓದಿದರೆ ಸಲೀಸು ಅನಿಸುತ್ತದೆ. ಈಗ ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ನೆಫ್ರಾನ್ ಬರೆಯಿರಿ. ಗ್ಲೊಮೆರುಲಸ್ ಬರುತ್ತದೆ, ಬೌಮನ್ ಕ್ಯಾಪ್ಸೂಲ್ ಬರುತ್ತದೆ. ಹೆನ್ಲೆಯ ಕುಣಿಕೆಯ ಹತ್ತಿರ ಪೆನ್ಸಿಲ್ ನಿಲ್ಲುತ್ತದೆ. ಇಳಿಯುವ ಭಾಗದಲ್ಲಿ ನೀರು ಹೊರಗೆ ಹೋಗುವುದಾ, ಏರುವ ಭಾಗದಲ್ಲಾ? ಆ ನಿಂತ ಜಾಗವೇ ನೀವು ಓದಬೇಕಾದ ಜಾಗ. ಆಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಹೋಗುವುದು ಒಂದೂವರೆ ಲೀಟರ್‌ನಷ್ಟು, ಉಳಿದದ್ದು ಎಲ್ಲೆಲ್ಲಿ ವಾಪಸ್ ಹೋಯಿತು? ಇದಕ್ಕೆ ಚಿತ್ರದ ಮೇಲೆ ಬೆರಳಿಟ್ಟು ಉತ್ತರ ಹೇಳಿದರೆ ಆ ಪಾಠದ ದೊಡ್ಡ ಭಾಗ ನಿಮ್ಮದಾದ ಹಾಗೆ.

ಇದು ಸುಮ್ನೆ ನನ್ನ ಅಭಿಪ್ರಾಯ ಅಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಸುಮಾರು ಶೇ. 40 ನೆನಪಿತ್ತು, ಬರೆದವರಿಗೆ ಶೇ. 61. ಪರೀಕ್ಷೆ ಐದು ನಿಮಿಷ ಬಿಟ್ಟು ಬರುವುದಿಲ್ಲವಲ್ಲ.

ಮುಗಿಸಿದ ಪಾಠವನ್ನು ಮರುದಿನ, ಆಮೇಲೆ ಒಂದು ವಾರಕ್ಕೆ, ಆಮೇಲೆ ತಿಂಗಳಿಗೆ ಒಮ್ಮೆ ಹೀಗೆ ಖಾಲಿ ಹಾಳೆಯ ಮೇಲೆ ಬರೆಯಿರಿ. ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ನಿಮಗೆ ಸಮಯ ಉಳಿಯುವುದು ಇಲ್ಲಿಯೇ.

ನೀವು ಸೊನ್ನೆಯಿಂದ ಶುರು ಮಾಡುತ್ತಿಲ್ಲ ಅನ್ನುವುದನ್ನೂ ನೆನಪಿಡಿ. ರಸಾಯನಶಾಸ್ತ್ರ ಇದ್ದರೆ ಪ್ರೋಟೀನ್, ಕಾರ್ಬೋಹೈಡ್ರೇಟ್, ಪಿಎಚ್ ಇವೆಲ್ಲ ಆಗಲೇ ಗೊತ್ತಿರುತ್ತವೆ. ಗಣಿತದ ಸಂಭವನೀಯತೆ ಗೊತ್ತಿದ್ದರೆ ಗುಣಗಳು ಮುಂದಿನ ಪೀಳಿಗೆಯಲ್ಲಿ ಹೇಗೆ ಹಂಚಿಹೋಗುತ್ತವೆ ಅಂತ ಹೇಳುವ ಮೆಂಡಲ್‌ನ 3:1 ಮತ್ತು 9:3:3:1 ಅನುಪಾತಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿದರೆ ಹದಿನಾರರಲ್ಲಿ ಒಂಬತ್ತು ಬಂದೇ ಬರುತ್ತದೆ. ಅನುವಂಶೀಯತೆಯಿಂದ ಶುರು ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಗಣಿತವೂ ಜೊತೆಗೆ ಗಟ್ಟಿಯಾಗುತ್ತದೆ.

ಪ್ರಾಕ್ಟಿಕಲ್ ಮಾತ್ರ ಒಬ್ಬರೇ ಮಾಡುವಂಥದ್ದಲ್ಲ. ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಬೇರಿನ ತುದಿಯ ಜೀವಕೋಶ ವಿಭಜನೆ ಹುಡುಕುವುದು ಪುಸ್ತಕದಲ್ಲಿ ಒಂದು ಸಾಲು. ಮೊದಲ ಸಲ ಮಾಡುವಾಗ ಬೇರಿನ ತುದಿಯನ್ನು ಸರಿಯಾಗಿ ಚಪ್ಪಟೆ ಮಾಡುವುದಕ್ಕೇ ಅರ್ಧ ಪೀರಿಯಡ್ ಬೇಕು. ಟೀಚರ್ ಹತ್ತಿರ ಈಗಲೇ ಮಾತಾಡಿ, ವಾರಕ್ಕೊಂದು ಹೊತ್ತು ಲ್ಯಾಬ್ ಕೊಡುತ್ತಾರಾ ಅಂತ ಕೇಳಿ. ಅದಕ್ಕೆ ಇಲ್ಲ ಅಂದರೆ ನನ್ನ ಸಲಹೆಯೂ ಅದೇ, ಈ ವರ್ಷ ಬೇಡ.

ಒಬ್ಬ ಅಮ್ಮ

ನನ್ನ ಮಗ ಹೀಗೆ ಆರನೇ ವಿಷಯ ತೆಗೆದುಕೊಂಡ. ಸಮಯ ಎಲ್ಲಿಂದ ಬಂತು ಅಂತ ಮೇಲೆ ಮಾತಾಡಿದ್ದಾರಲ್ಲ, ನಮ್ಮ ಮನೆಯಲ್ಲಿ ಅದು ನಿದ್ದೆಯಿಂದ ಬಂತು. ರಾತ್ರಿ ಒಂದು ಗಂಟೆಗೆ ಅವನ ಕೋಣೆಯ ಬಾಗಿಲ ಕೆಳಗೆ ಬೆಳಕು ಕಾಣುತ್ತಿತ್ತು. ನಾನು ಹೆಮ್ಮೆ ಪಡುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಓದಿದ ಪುಟವನ್ನೇ ಮತ್ತೆ ಓದುತ್ತಿದ್ದ, ಸಣ್ಣ ಮಾತಿಗೂ ಅಳು ಬರುತ್ತಿತ್ತು. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಡಾಕ್ಟರ್ ಹೇಳಿದಾಗ ನಾವಿಬ್ಬರೂ ಸುಮ್ಮನೆ ಕೂತೆವು. ಅವತ್ತಿನಿಂದ ಹತ್ತೂವರೆಗೆ ದೀಪ ಆರಿಸುವುದು ಅಂತಾಯಿತು. ಸಮಯ ಸಾಲದೇ ಹೋದರೆ ವಿಷಯ ಬಿಡುವುದು, ನಿದ್ದೆ ಬಿಡುವುದಲ್ಲ ಅಂತ ಮಾತಾಡಿಕೊಂಡೆವು. ಅವನು ವಿಷಯ ಬಿಡಲಿಲ್ಲ. ಅಂಕ ಸಾಧಾರಣ ಬಂತು, ಅವನಿಗೆ ಬೇಕಾದ ಬಾಗಿಲು ತೆರೆಯಿತು. ಮನೆಯವರಿಗೂ ಈ ಪ್ರಶ್ನೆ ತೋರಿಸಿ ಮಗಳೇ, ಒಬ್ಬಳೇ ಹೊರಬೇಡ.

ಮುಂದಿನ ವರ್ಷ ಬರೆದವರು

ಒಂದೇ ಮಾತು. ನಾನು ಐದು ವಿಷಯ ಆ ವರ್ಷ ಮುಗಿಸಿ, ಆರನೆಯದನ್ನು ಮುಂದಿನ ವರ್ಷ ಬೇರೆಯಾಗಿ ಬರೆದೆ. ನಮ್ಮ ಬೋರ್ಡಿನಲ್ಲಿ ಅದಕ್ಕೆ ಅವಕಾಶ ಇತ್ತು, ನಿಮ್ಮಲ್ಲಿ ಇದೆಯಾ ಅಂತ ಕೇಳಿ. ಒಂದು ವರ್ಷ ತಡವಾಯಿತು. ಆ ವರ್ಷ ಗೆಳತಿಯರೆಲ್ಲ ಕಾಲೇಜಿಗೆ ಹೋಗುವಾಗ ಕಷ್ಟವಾಗಿದ್ದು ನಿಜ. ಆದರೆ ಆ ವಿಷಯವನ್ನು ನೆಮ್ಮದಿಯಿಂದ ಓದಿದೆ.

ಪ್ರಶ್ನೆ ಕೇಳಿದವರು, ಎರಡು ವಾರ ಬಿಟ್ಟು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ.

ಅನುವಂಶೀಯತೆಯ ಅಧ್ಯಾಯ ಮುಗಿಸಿದೆ. ನಾಲ್ಕು ಗಂಟೆ ಅಂದುಕೊಂಡಿದ್ದೆ, ಏಳು ಹಿಡಿಯಿತು. ಹದಿನಾರು ಅಧ್ಯಾಯ ಇವೆ. ಗುಣಿಸಿ ಅರ್ಧ ಸೇರಿಸಿದರೆ 168 ಗಂಟೆ. ಉಳಿದಿರುವುದು 24 ವಾರ, ಅಂದರೆ ವಾರಕ್ಕೆ ಏಳು. ಶನಿವಾರ ಮೂರು, ಭಾನುವಾರ ಎರಡು, ಬುಧವಾರ ಸಂಜೆ ಎರಡು ಅಂತ ಬರೆದಿದ್ದೇನೆ. ಬುಧವಾರದ್ದಕ್ಕೆ ನನ್ನ ಡ್ಯಾನ್ಸ್ ಕ್ಲಾಸ್ ಬಿಡಬೇಕು. ಬೇಸರ ಇದೆ, ಆದರೆ ಆ ಸಮಯ ಎಲ್ಲಿಂದ ಬಂತು ಅಂತ ಈಗ ಗೊತ್ತಿದೆ. ಗಣಿತಕ್ಕೆ ದಿನಾ ಮೊದಲ ಒಂದು ಗಂಟೆ. ಅದು ಮುಗಿಯದೆ ಬೇರೆ ಪುಸ್ತಕ ತೆಗೆಯುವುದಿಲ್ಲ.

ಲ್ಯಾಬ್‌ಗೆ ಟೀಚರ್ ಒಪ್ಪಿದ್ದಾರೆ, ಮಂಗಳವಾರ ಕೊನೆಯ ಪೀರಿಯಡ್. ಪ್ರವೇಶದ ಸೂಚನೆ ಓದಿದೆ, ಬೇಕೇ ಬೇಕು ಅಂತಲೇ ಇದೆ. ಮುಂದಿನ ವರ್ಷ ಬರೆಯಲು ನಮ್ಮಲ್ಲೂ ಅವಕಾಶ ಇದೆ ಅಂತ ಆಫೀಸಿನಲ್ಲಿ ಹೇಳಿದರು, ಅದನ್ನು ಕೇಳಿ ಎದೆ ಸ್ವಲ್ಪ ಹಗುರಾಯಿತು.

ನಿನ್ನೆ ನೆಫ್ರಾನ್ ಬರೆದೆ. ಪೆನ್ಸಿಲ್ ನಿಂತದ್ದು ಹೆನ್ಲೆಯ ಕುಣಿಕೆಯಲ್ಲೇ. ಹೆಸರು ವಾಪಸ್ ಪಡೆಯುವ ಕೊನೆಯ ದಿನವನ್ನು ಮೇಜಿನ ಎದುರು ಗೋಡೆಗೆ ಅಂಟಿಸಿದ್ದೇನೆ, ಕೆಳಗೆ ಗೆರೆ ಎಳೆಯುವ ಹಾಳೆ ಇದೆ. ಈ ವಾರ ಗಣಿತಕ್ಕೆ ಹದಿನಾಲ್ಕು ಗೆರೆ.