ಕ್ವಿಯರ್ ಮಾನವಶಾಸ್ತ್ರ ಬೆಳೆದ ಬಗೆ ಮತ್ತು ಯಕ್ಷಗಾನದ ಸ್ತ್ರೀವೇಷ

ಪ್ರಶ್ನೆ (ಉಡುಪಿಯ ವಿದ್ಯಾರ್ಥಿನಿ):
ಸ್ನಾತಕೋತ್ತರ ಪದವಿಯ ಕಿರುಪ್ರಬಂಧಕ್ಕೆ ಯಕ್ಷಗಾನದ ಸ್ತ್ರೀವೇಷವನ್ನು ಆಯ್ದುಕೊಂಡಿದ್ದೇನೆ. ಲಿಂಗ, ಲೈಂಗಿಕತೆಗಳ ರೂಢಿಯ ಚೌಕಟ್ಟಿಗೆ ಹೊಂದದ ಬದುಕುಗಳನ್ನು ಅಧ್ಯಯನ ಮಾಡುವ ಕ್ವಿಯರ್ ಮಾನವಶಾಸ್ತ್ರದ ನೆಲೆಯಿಂದ ನೋಡಬಹುದೆಂದು ಮಾರ್ಗದರ್ಶಕರು ಸೂಚಿಸಿದ್ದಾರೆ. ಈ ಶಾಖೆ ಹೇಗೆ ಬೆಳೆಯಿತು, ನಮ್ಮ ಕರಾವಳಿಯ ಕಲೆಗೆ ಅದನ್ನು ಅನ್ವಯಿಸುವುದು ಸರಿಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕೊಣಾಜೆಯ ಸಂಶೋಧಕ):
ನಿಮ್ಮ ವಿಷಯಕ್ಕೆ ತೀರ ಹತ್ತಿರದ ಕೃತಿಯಿಂದಲೇ ಓದು ಆರಂಭಿಸಿ. ಅಮೆರಿಕದ ಮಾನವಶಾಸ್ತ್ರಜ್ಞೆ ಎಸ್ತರ್ ನ್ಯೂಟನ್ ಅವರು 1960ರ ದಶಕದಲ್ಲಿ ಶಿಕಾಗೊ ಮತ್ತು ಕಾನ್ಸಾಸ್ ಸಿಟಿಗಳಲ್ಲಿ, ಹೆಣ್ಣಿನ ವೇಷ ತೊಟ್ಟು ರಂಗಕ್ಕೆ ಬರುತ್ತಿದ್ದ ಗಂಡಸರ ನಡುವೆ ಕ್ಷೇತ್ರಕಾರ್ಯ ನಡೆಸಿ, 1972ರಲ್ಲಿ 'ಮದರ್ ಕ್ಯಾಂಪ್' ಪ್ರಕಟಿಸಿದರು. ಆ ವೇಷಧಾರಿಗಳನ್ನು ರೋಗಿಗಳಂತೆ ನೋಡದೆ, ದುಡಿದು ಬದುಕುವ ಕಲಾವಿದರೆಂದು ಕಂಡದ್ದು ಆ ಕಾಲಕ್ಕೆ ದೊಡ್ಡ ಧೈರ್ಯ. ಅದಕ್ಕೂ ಮೊದಲು ಈ ಶಾಸ್ತ್ರದಲ್ಲಿ ಎಂಥ ಸಂಕೋಚವಿತ್ತೆಂದರೆ, ಬ್ರಿಟನ್ನಿನ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಅವರು ಆಫ್ರಿಕದ ಅಜಾಂಡೆ ಜನರ ಸಲಿಂಗ ಸಂಬಂಧಗಳ ಬಗ್ಗೆ ದಶಕಗಳ ಹಿಂದೆಯೇ ಸಂಗ್ರಹಿಸಿದ್ದ ಮಾಹಿತಿ ಲೇಖನವಾಗಿ ಹೊರಬಂದದ್ದು 1970ರಲ್ಲಿ. ಮುಂದೆ ಅಮೆರಿಕದ ಮಾನವಶಾಸ್ತ್ರಜ್ಞರಲ್ಲಿ ಇದಕ್ಕೆಂದೇ ಒಂದು ಸಂಶೋಧನ ಗುಂಪು ರೂಪುಗೊಂಡಿತು. ಅದು ಇಂದಿನ ಕ್ವಿಯರ್ ಮಾನವಶಾಸ್ತ್ರ ಸಂಘದ ಮೂಲ.

ಉತ್ತರ (ಮಂಗಳೂರಿನ ಓದುಗಿ):
ರಂಗದ ಜೊತೆಗೆ ಬಂಧುತ್ವದ ಚರ್ಚೆಯನ್ನೂ ಓದಲೇಬೇಕೆಂದು ನನ್ನ ಅಭಿಪ್ರಾಯ. ರಕ್ತಸಂಬಂಧವೇ ಎಲ್ಲೆಡೆಯೂ ಬಂಧುತ್ವದ ಬುನಾದಿ ಎಂಬ ನಂಬಿಕೆಯನ್ನು ನ್ಯೂಟನ್ ಅವರ ಗುರು ಡೇವಿಡ್ ಶ್ನೈಡರ್ 1984ರಲ್ಲಿ ಪ್ರಶ್ನಿಸಿದರು. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಸಲಿಂಗಿಗಳು ಗೆಳೆಯರನ್ನೂ ಮಾಜಿ ಸಂಗಾತಿಗಳನ್ನೂ ಸೇರಿಸಿಕೊಂಡು ಕುಟುಂಬ ಕಟ್ಟಿಕೊಂಡ ಬಗೆಯನ್ನು ಕ್ಯಾತ್ ವೆಸ್ಟನ್ 1991ರಲ್ಲಿ ವಿವರಿಸಿದರು. ಅಳಿಯಸಂತಾನ ಕಟ್ಟಿನಲ್ಲಿ ತಾಯಿಯ ಕಡೆಯಿಂದ ಕುಟುಂಬವನ್ನು ಎಣಿಸುತ್ತ ಬಂದ ತುಳುನಾಡಿನವರಿಗೆ, ಕುಟುಂಬವೆಂಬುದು ಒಂದೇ ಬಗೆಯದಲ್ಲ ಎಂಬ ಮಾತು ಬೇಗ ಮನದಟ್ಟಾಗುತ್ತದೆ. ಹಾಗೆಂದು ಅಳಿಯಸಂತಾನವನ್ನೇ ಕ್ವಿಯರ್ ಎಂದು ಕರೆಯಬೇಡಿ. ಅದಕ್ಕೂ ಆಸ್ತಿಯ, ಜಾತಿಯ ಬಿಗಿಯಾದ ಕಟ್ಟಳೆಗಳಿದ್ದವು.

ಉತ್ತರ (ಯಕ್ಷಗಾನಾಸಕ್ತ, ಉಡುಪಿ):
ಸ್ತ್ರೀವೇಷಧಾರಿಗಳ ವಿಷಯದಲ್ಲಿಯೂ ಅದೇ ಎಚ್ಚರ ಅಗತ್ಯ. ವೇಷವೊಂದರಿಂದಲೇ ಕಲಾವಿದರ ಲೈಂಗಿಕತೆಯನ್ನು ತೀರ್ಮಾನಿಸುವುದು ಅವರಿಗೆ ಮಾಡುವ ಅನ್ಯಾಯ. ಭಾರತದ ಹಿಜ್ರಾ ಸಮುದಾಯದ ಬಗ್ಗೆ 1990ರಲ್ಲಿ ಬರೆದ ಸೆರೀನಾ ನಂದಾ ಮೂರನೆಯ ಲಿಂಗದ ಪರಿಕಲ್ಪನೆಯನ್ನು ಮುಂದಿಟ್ಟರೆ, ಹೈದರಾಬಾದಿನಲ್ಲಿ ಅಧ್ಯಯನ ನಡೆಸಿದ ಗಾಯತ್ರಿ ರೆಡ್ಡಿ 2005ರ ಕೃತಿಯಲ್ಲಿ ಧರ್ಮ, ವರ್ಗ, ಬಂಧುತ್ವ, ಮರ್ಯಾದೆ ಇವೆಲ್ಲ ಸೇರಿ ಹಿಜ್ರಾಗಳ ಬದುಕು ರೂಪುಗೊಳ್ಳುವುದನ್ನು ತೋರಿಸಿದರು. ಈ ಎರಡನ್ನೂ ಜೊತೆಗಿಟ್ಟು ಓದಿ. ಆಮೇಲೆ ಕಲಾವಿದರು ವೇಷ ಕಟ್ಟುವ ಚೌಕಿಗೆ ಹೋಗಿ, ಬಣ್ಣ ಹಚ್ಚುವ ಹೊತ್ತಿನಲ್ಲಿ ತೊಂದರೆ ಕೊಡದೆ, ಗುರುಗಳು ಹೆಣ್ಣಿನ ನಡಿಗೆಯನ್ನು ಹೇಗೆ ಕಲಿಸಿದರು, ಮೇಳದಲ್ಲಿ ಸಂಬಳ ಮತ್ತು ಸ್ಥಾನಮಾನ ಹೇಗಿದೆ, ವಯಸ್ಸಾದ ಮೇಲೆ ಯಾವ ವೇಷ ಸಿಗುತ್ತದೆ ಎಂದು ಕೇಳಿ. ಖಾಸಗಿ ಬದುಕಿನ ಮಾತನ್ನು ಅವರಾಗಿಯೇ ಎತ್ತಿದರೆ ಮಾತ್ರ, ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಿ.