ಅಪ್‌ಡೇಟ್: ತಂಗಿಯ ಮೂರ್ಛೆರೋಗ ಮತ್ತು ರಾತ್ರಿಯ ಉಸಿರಾಟ

ನಿದ್ರೆಯಲ್ಲಿ ಫಿಟ್ಸ್ ಬಂದ ಬಳಿಕ ತಂಗಿಯ ಉಸಿರು ಕೆಲವು ಕ್ಷಣ ನಿಂತಂತಾಗಿ ತುಟಿ ನೀಲಿಗಟ್ಟುತ್ತದೆ, ಇದರಿಂದ ಜೀವಕ್ಕೆ ಅಪಾಯವಿದೆಯೇ ಎಂದು ಹಿಂದೆ ಕೇಳಿದ್ದೆ. ನರರೋಗ ತಜ್ಞರು ನನ್ನ ಭಯವನ್ನು ತಳ್ಳಿಹಾಕಲಿಲ್ಲ. ಮೂರ್ಛೆರೋಗವಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಹಠಾತ್ತಾಗಿ ಸಾಯುತ್ತಾರೆಂದೂ, ಆಸ್ಪತ್ರೆಯ ನಿಗಾ ಘಟಕಗಳಲ್ಲಿ ದಾಖಲಾದ ಇಂತಹ ಸಾವುಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈಯೆಲ್ಲ ಸೆಟೆದು ಅದುರುವ ಫಿಟ್ಸ್‌ನ ನಂತರ ಮೊದಲು ಉಸಿರು, ಆಮೇಲೆ ಹೃದಯ ನಿಂತದ್ದು ಕಂಡುಬಂದಿತೆಂದೂ ವಿವರಿಸಿದರು. ಹೆಚ್ಚಿನವರು ಬೋರಲಾಗಿ ಮಲಗಿದ್ದರಂತೆ. ತಂಗಿ ಮಲಗುವುದೂ ಹಾಗೆಯೇ ಆದ್ದರಿಂದ ಈ ಮಾತು ನನ್ನನ್ನು ಬಹಳ ಕಾಡಿತು. ಈಗ ಒಂದು ಹೊತ್ತಿನ ಮಾತ್ರೆಯೂ ತಪ್ಪದಂತೆ ಅಲಾರಂ ಇಟ್ಟಿದ್ದೇವೆ. ರಾತ್ರಿ ಅವಳ ಕೋಣೆಯಲ್ಲಿ ನಾನೇ ಮಲಗುತ್ತೇನೆ. ಫಿಟ್ಸ್ ನಿಂತೊಡನೆ ಅವಳನ್ನು ಪಕ್ಕಕ್ಕೆ ಹೊರಳಿಸಿ, ಉಸಿರು ಸರಾಗವಾಗಿ ಪೂರ್ತಿ ಎಚ್ಚರವಾಗುವವರೆಗೆ ಬಿಟ್ಟು ಕದಲುವುದಿಲ್ಲ.