ಪದಚರ್ಚೆ: ‘ಫ್ಲೇರ್’, ‘ಗೋಸ್ಟಿಂಗ್’ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಗೆಳೆಯರೇ, ಮೊಬೈಲ್ ಕ್ಯಾಮೆರಾ ಬಳಕೆಯ ಕೈಪಿಡಿಯೊಂದರ ಕನ್ನಡ ಪಠ್ಯಕ್ಕೆ ಪದಗಳು ಬೇಕಾಗಿವೆ. ರಾತ್ರಿ ಬೀದಿದೀಪದ ಫೋಟೊ ತೆಗೆದರೆ ಕತ್ತಲ ಆಕಾಶದಲ್ಲಿ ಹಸಿರು ಚುಕ್ಕೆಗಳು ಮೂಡುತ್ತವೆ. ದೀಪದಿಂದ ಉದ್ದನೆಯ ಗೀರು ಹೊರಡುತ್ತದೆ. ಒಮ್ಮೊಮ್ಮೆ ಇಡೀ ಚಿತ್ರವೇ ಬಿಳಿಚಿಕೊಳ್ಳುತ್ತದೆ. ಇವಕ್ಕೆಲ್ಲ ಫ್ಲೇರ್, ಗೋಸ್ಟಿಂಗ್ ಎಂಬ ಹೆಸರುಗಳಿವೆ. ಕರಡಿನಲ್ಲಿ ಸದ್ಯ ‘ಮಸೂರ ಜ್ವಾಲೆ’, ‘ಭೂತಬಿಂಬ’ ಎಂದಿದೆ, ಎರಡೂ ಒಗ್ಗುತ್ತಿಲ್ಲ. ಎರಡನೆಯದಕ್ಕೆ ‘ಮಿಥ್ಯಬಿಂಬ’ ಆದೀತೇ? ನಡೆದಾಡುವವರು ಚಿತ್ರದಲ್ಲಿ ಎರಡೆರಡಾಗಿ ಕಾಣುವುದನ್ನೂ ಗೋಸ್ಟಿಂಗ್ ಎನ್ನುತ್ತಾರೆ. ಅದಕ್ಕೂ ಇದೇ ಪದ ಸಾಕೇ?

ಉತ್ತರ 1

‘ಜ್ವಾಲೆ’ ಬೇಡವೇ ಬೇಡ, ಇಲ್ಲಿ ಉರಿಯುವುದೇನೂ ಇಲ್ಲ. ‘ಭೂತಬಿಂಬ’ದ ತೊಡಕು ಬೇರೆ. ಭೂತಗನ್ನಡಿ ಎಂದರೆ ನಮ್ಮಲ್ಲಿ ಚಿಕ್ಕದನ್ನು ದೊಡ್ಡದು ಮಾಡಿ ತೋರಿಸುವ ಗಾಜು. ಮಸೂರದ ಮಾತು ನಡೆದಿರುವಾಗ ಭೂತಬಿಂಬ ಎಂದರೆ ಹಿಗ್ಗಿದ ಬಿಂಬ ಎಂದೇ ಓದುಗರು ತಿಳಿಯುತ್ತಾರೆ.

‘ಮಿಥ್ಯಬಿಂಬ’ ಅದಕ್ಕಿಂತ ದೊಡ್ಡ ತಪ್ಪಿಗೆ ದಾರಿ. ಶಾಲೆಯ ವಿಜ್ಞಾನ ಪಾಠದಲ್ಲಿ ಅದಕ್ಕೆ ಖಚಿತ ಅರ್ಥವಿದೆ: ತೆರೆಯ ಮೇಲೆ ಹಿಡಿಯಲಾಗದ್ದು, ಕನ್ನಡಿಯೊಳಗಿನ ಮುಖದ ಹಾಗೆ. ಫೋಟೊದ ಹಸಿರು ಚುಕ್ಕೆಯೋ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ನಿಜವಾಗಿಯೂ ಬಿದ್ದ ಬೆಳಕು. ಅದರ ಬೆಳಕು ಸುಳ್ಳಲ್ಲ, ಬಂದ ದಾರಿ ಸರಿಯಿಲ್ಲ.

ಆ ದಾರಿಯನ್ನು ನೋಡಿದರೆ ಪದ ತಾನೇ ಸಿಗುತ್ತದೆ. ಲೇಪನವಿಲ್ಲದ ಗಾಜಿನ ಒಂದು ಮೇಲ್ಮೈ ತನ್ನ ಮೇಲೆ ನೇರ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಇದನ್ನು ತಗ್ಗಿಸುವ ತೆಳು ಲೇಪನವನ್ನು ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ರೂಪಿಸಿದರು. ಒಳ್ಳೆಯ ಲೇಪನವಿದ್ದು ಶೇ 0.5 ಮಾತ್ರ ಮರಳುತ್ತದೆ ಎಂದುಕೊಳ್ಳಿ. ಒಂದು ಮೇಲ್ಮೈಯಿಂದ ಹಿಂದೆ ಹೋಗಿ, ಇನ್ನೊಂದಕ್ಕೆ ಬಡಿದು ಮತ್ತೆ ಮುಂದೆ ಬಂದ ಬೆಳಕು ಆಗ 40,000ದಲ್ಲಿ ಒಂದು ಪಾಲು. ಹಗಲಿನ ಗಿಡಮರಗಳ ಚಿತ್ರದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಬಲ್ಬಿನ ಹೊಳಪು ಅದರ ಹಿಂದಿನ ಕತ್ತಲೆಯ ಎಷ್ಟೋ ಸಾವಿರ ಪಟ್ಟು ಇರುವುದರಿಂದ ರಾತ್ರಿ ಆ ಒಂದು ಪಾಲೂ ಎದ್ದು ಕಾಣುತ್ತದೆ. 7 ಬಿಡಿ ಮಸೂರಗಳ ಜೋಡಣೆಯೆಂದರೆ 14 ಮೇಲ್ಮೈ. ಎರಡೆರಡನ್ನು ಹಿಡಿದರೆ ಇಂಥ 91 ದಾರಿಗಳಾದವು. ಮುಂದಿನ ಹೊದಿಕೆಗಾಜು, ಒಳಗಿನ ಫಿಲ್ಟರ್, ಸೆನ್ಸರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಲೇಪನ ಎಲ್ಲ ಬಣ್ಣಗಳಿಗೂ ಒಂದೇ ಸಮ ಕೆಲಸ ಮಾಡುವುದಿಲ್ಲ, ಹಾಗಾಗಿ ಉಳಿದ ಚುಕ್ಕೆಗೆ ಹಸಿರೋ ನೀಲಿಯೋ ಬಣ್ಣ.

ಕಳ್ಳದಾರಿಯಲ್ಲಿ ಬಂದದ್ದು, ಆದ್ದರಿಂದ ‘ಕಳ್ಳಬಿಂಬ’ ಎನ್ನೋಣ. ಕಳ್ಳನಿದ್ದೆ, ಕಳ್ಳನೋಟುಗಳ ಸಾಲಿಗೆ ಇದು ಸಲೀಸಾಗಿ ಸೇರುತ್ತದೆ, ವಿವರಿಸದೆಯೂ ಅರ್ಥವಾಗುತ್ತದೆ. ಗುರುತಿಸುವುದೂ ಸುಲಭ. ಫೋನಿನಲ್ಲಿ ಎದ್ದು ಕಾಣುವ ಕಳ್ಳಬಿಂಬ ಸಾಮಾನ್ಯವಾಗಿ ಚಿತ್ರದ ನಡುಬಿಂದುವಿನ ಆಚೆ, ದೀಪಕ್ಕೆ ಸರಿ ಎದುರಿಗೆ, ತಲೆಕೆಳಗಾಗಿ ಇರುತ್ತದೆ. ದೀಪ ಮೇಲಿನ ಎಡಮೂಲೆಯಲ್ಲಿದ್ದರೆ ಚುಕ್ಕೆ ಕೆಳಗಿನ ಬಲಮೂಲೆಯಲ್ಲಿ. ಫೋನನ್ನು ತುಸು ತಿರುಗಿಸಿ: ತೆರೆಯ ಮೇಲೆ ದೀಪ ಒಂದು ಕಡೆ ಸರಿದರೆ ಚುಕ್ಕೆ ಇನ್ನೊಂದು ಕಡೆ ಸರಿಯುತ್ತದೆ.

ಇಡೀ ಚಿತ್ರ ಬಿಳಿಚುವುದಕ್ಕೆ ‘ಬೆಳಕಿನ ಪೊರೆ’ ಸಾಕು. ಕಣ್ಣಿಗೆ ಪೊರೆ ಬಂದವರಿಗೆ ಕಾಣುವುದೂ ಹೆಚ್ಚುಕಡಿಮೆ ಹಾಗೆಯೇ: ಚದುರಿದ ಬೆಳಕು ಕಪ್ಪನ್ನು ಬೂದು ಮಾಡುತ್ತದೆ.

‘ಗೀರು’ ಬೇಡ. ಲೆನ್ಸಿಗೆ ಗೀರು ಬಿದ್ದಿದೆ ಎಂದು ಓದುಗರು ಹೆದರಿಯಾರು. ‘ಬೆಳಕಿನ ಎಳೆ’ ಎನ್ನಿ. ಹೆಚ್ಚಿನ ಸಲ ಅದಕ್ಕೆ ಕಾರಣ ಬೆರಳಿನ ಜಿಡ್ಡು. ಜಿಡ್ಡನ್ನು ಒಂದೇ ದಿಕ್ಕಿಗೆ ಒರೆಸಿದಾಗ ಸಣ್ಣ ಸಾಲುಗಳು ಉಳಿಯುತ್ತವೆ, ಎಳೆ ಆ ಸಾಲುಗಳಿಗೆ ಅಡ್ಡಲಾಗಿ ಮೂಡುತ್ತದೆ. ಮೇಲಿಂದ ಕೆಳಕ್ಕೆ ಒರೆಸಿದ್ದರೆ ಎಳೆ ಎಡದಿಂದ ಬಲಕ್ಕೆ. ದೊಡ್ಡ ಕ್ಯಾಮೆರಾಗಳ ಚಿತ್ರದಲ್ಲಿ ದೀಪದ ಸುತ್ತ ಮೂಡುವ ನಕ್ಷತ್ರದ ಕತೆ ಬೇರೆ. ಅದು ಬೆಳಕಿಂಡಿಯ (ಅಪರ್ಚರ್) ಅಲಗುಗಳಿಂದ ಆಗುವ ವಿವರ್ತನೆ, ಅಂದರೆ ಅಲಗಿನ ಅಂಚಿನಲ್ಲಿ ಬೆಳಕು ಬಾಗಿ ಹರಡುವುದು. 6 ಅಲಗಿದ್ದರೆ 6 ಕಿರಣ, 7 ಇದ್ದರೆ 14. ಫೋನಿನ ಕಿಂಡಿ ಸಾಮಾನ್ಯವಾಗಿ ದುಂಡಗಿರುವುದರಿಂದ ಅಲ್ಲಿ ಎಳೆ ಕಂಡರೆ ಮೊದಲು ಬಟ್ಟೆ ಹುಡುಕಬೇಕು.

ಈ ಮೂರಕ್ಕೂ ಒಟ್ಟು ಹೆಸರಾಗಿ ‘ಅಡ್ಡಬೆಳಕು’ ಸೂಚಿಸುತ್ತೇನೆ, ಅಡ್ಡಪರಿಣಾಮ ಎನ್ನುವ ಹಾಗೆ.

ಉತ್ತರ 2

‘ಕಳ್ಳಬಿಂಬ’ ಬಹಳ ಹಿಡಿಸಿತು. ಹಳೆಯ ಆಂಟೆನಾ ಟಿವಿಯಲ್ಲಿ ಚಿತ್ರದ ಪಕ್ಕ ಮಸುಕಾದ ಇನ್ನೊಂದು ಚಿತ್ರ ಕಾಣುತ್ತಿತ್ತಲ್ಲ, ಅದಕ್ಕೂ ಇದು ಒಪ್ಪುತ್ತದೆ. ಗುಡ್ಡಕ್ಕೋ ಕಟ್ಟಡಕ್ಕೋ ಬಡಿದ ಸಂಕೇತ ಬಳಸುದಾರಿಯಲ್ಲಿ ತಡವಾಗಿ ಬರುತ್ತಿದ್ದುದೇ ಅದಕ್ಕೆ ಕಾರಣ.

‘ಅಡ್ಡಬೆಳಕು’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಫೋಟೊ ತೆಗೆಯುವವರು ಅದನ್ನು ಪಕ್ಕದಿಂದ ಬೀಳುವ ಬೆಳಕು ಎಂದುಕೊಳ್ಳುತ್ತಾರೆ, ಅದು ದೋಷವೇ ಅಲ್ಲ. ‘ಬೆಳಕಿನ ಸೋರಿಕೆ’ಯೂ ಆಗದು, ಅದು ಕ್ಯಾಮೆರಾದ ಮೈಯಲ್ಲಿನ ಸಂದಿಯಿಂದ ಫಿಲ್ಮಿಗೆ ಬೆಳಕು ತಾಗುವ ದೋಷದ ಹೆಸರು. ಒಟ್ಟು ಹೆಸರಿಗೆ ‘ಫ್ಲೇರ್’ ಅನ್ನೇ ಉಳಿಸಿ, ಒಳಗಿನ ಮೂರನ್ನು ಕನ್ನಡದಲ್ಲಿ ಬೇರೆಬೇರೆ ಹೇಳಿ. ಪರಿಹಾರಗಳೇ ಬೇರೆಯಾದ್ದರಿಂದ ಈ ಮೂರು ಹೆಸರು ಬೇಕೇ ಬೇಕು. ಒರೆಸಿದರೆ ಎಳೆ ಹೋಗುತ್ತದೆ, ಕಳ್ಳಬಿಂಬ ಹೋಗುವುದಿಲ್ಲ. ದೀಪ ಚೌಕಟ್ಟಿನ ಹೊರಗಿದ್ದರೆ ಅಂಗೈ ಮರೆ ಹಿಡಿದು ಪೊರೆ ಕಳೆಯಬಹುದು. ದೀಪ ಚಿತ್ರದೊಳಗೇ ಇದ್ದರೆ ಕೈ ಹಿಡಿದು ಫಲವಿಲ್ಲ. ಕ್ಯಾಮೆರಾದ ಮೇಲೆ ಅಂಟಿಸುವ ರಕ್ಷಣಾಗಾಜು ಎರಡು ಹೊಸ ಮೇಲ್ಮೈಗಳನ್ನು ಸೇರಿಸುತ್ತದೆ ಎಂಬುದನ್ನೂ ಕೈಪಿಡಿ ಹೇಳಲಿ.

ನಡೆದಾಡುವವರು ಎರಡಾಗಿ ಕಾಣುವುದಕ್ಕೆ ‘ಬಿಂಬ’ ಎಂಬ ಮಾತೇ ಬರಬಾರದು. ಅಲ್ಲಿ ಬೆಳಕು ದಾರಿ ತಪ್ಪಿಲ್ಲ. ಫೋನು ಒಂದರ ಹಿಂದೊಂದು ತೆಗೆದ ಹಲವು ಚಿತ್ರಗಳನ್ನು ಬೆಸೆಯುವಾಗ, ಆ ನಡುವೆ ಸರಿದವರ ಅರೆಪಾರದರ್ಶಕ ರೂಪ ಉಳಿದುಬಿಡುತ್ತದೆ. ‘ಜೋಡಿ’ ಎನ್ನೋಣವೆಂದರೆ ಮೂರು ನಾಲ್ಕೂ ಇರಬಹುದು. ‘ತೆಳುನಕಲು’ ಎಂದರೆ ಹೇಗೆ? ಇದಕ್ಕೆ ಮದ್ದು, ಹೀಗೆ ಚಿತ್ರಗಳನ್ನು ಬೆಸೆಯುವ ಎಚ್‌ಡಿಆರ್ ಅಥವಾ ರಾತ್ರಿ ಮೋಡ್ ಆಫ್ ಮಾಡಿ ಒಂದೇ ಚಿತ್ರ ತೆಗೆಯುವುದು. ಅದರಿಂದ ಕಳ್ಳಬಿಂಬಕ್ಕೆ ಏನೂ ಆಗದು.

ಕೈಪಿಡಿಯ ವಾಕ್ಯ ಹೀಗಿರಬಹುದು: “ಕತ್ತಲ ಜಾಗದಲ್ಲಿ ಹಸಿರು ಚುಕ್ಕೆ ಕಂಡರೆ ಅದು ದೀಪದ ಕಳ್ಳಬಿಂಬ. ಫೋನನ್ನು ಮೆಲ್ಲಗೆ ವಾಲಿಸಿ, ಚುಕ್ಕೆ ಬೆಳಕಿರುವ ಗೋಡೆಯ ಮೇಲೋ ದೀಪದ ಮೇಲೋ ಬರುವಂತೆ ಮಾಡಿ, ಆಮೇಲೆ ಕ್ಲಿಕ್ಕಿಸಿ.”